ಹಿಕ್ಕೆಗೆ ಕೋಡು ಮೂಡಿದ ಬೆಳಿಗ್ಗೆ

ನಮ್ಮ ಬೀದಿಯ ಹೊಂಗೆ ಮರಕ್ಕೆ ನಾಚಿಕೆ ಅನ್ನುವುದೇ ಇಲ್ಲ. ಸಂಕ್ರಾಂತಿಯವರೆಗೂ ವರ್ತೂರಿನ ಧೂಳನ್ನೆಲ್ಲ ಹೊತ್ತುಕೊಂಡು ಮಂಕಾಗಿ ನಿಂತಿರುತ್ತದೆ. ಚಳಿ ಸರಿಯಿತೋ ಇಲ್ಲವೋ, ಹಳೆಯ ಎಲೆಯನ್ನೆಲ್ಲ ನಮ್ಮ ಅಂಗಳಕ್ಕೆ ಸುರಿದು, ತಾನು ಮಾತ್ರ ಹೊಸ ಸೀರೆ ಉಟ್ಟವಳ ಹಾಗೆ ಪಳಪಳ ಹೊಳೆಯತೊಡಗುತ್ತದೆ. ಗುಡಿಸುವವಳು ನಾನು. ಬೈಯುತ್ತಲೇ ಗುಡಿಸುತ್ತೇನೆ, ಗುಡಿಸುತ್ತಲೇ ತಲೆಯೆತ್ತಿ ನೋಡುತ್ತೇನೆ, ನೋಡಿದ ಮೇಲೆ ಬೈಗುಳ ಮರೆತುಹೋಗುತ್ತದೆ. ಆ ಎಳೆ ಹಸಿರಿಗೆ ಹೊಂದುವ ಬ್ಲೌಸ್ ಪೀಸು ಇಷ್ಟು ವರ್ಷದಲ್ಲಿ ನನಗೆ ಒಂದು ಅಂಗಡಿಯಲ್ಲೂ ಸಿಕ್ಕಿಲ್ಲ.

ನಾನು ಬ್ಲೌಸ್ ಹೊಲಿಯುವವಳು. ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲೇ ನನ್ನ ಮಷೀನು. ಸುತ್ತಲಿನ ಅಪಾರ್ಟ್‌ಮೆಂಟುಗಳ ಹೆಂಗಸರು ಮದುವೆಗೆ ಎರಡು ದಿನ ಇರುವಾಗ ಬಟ್ಟೆ ತಂದುಕೊಟ್ಟು "ಪ್ಲೀಸ್ ಅಕ್ಕ, ಅರ್ಜೆಂಟು" ಅನ್ನುತ್ತಾರೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಹೊಲಿದುಕೊಡುತ್ತೇನೆ. ನಮ್ಮನೆಯವರಿಗೆ ಬೆಳ್ಳಂದೂರಿನ ಕಡೆ ಕೆಲಸ. ಟ್ರಾಫಿಕ್ ಶುರುವಾಗುವ ಮೊದಲು ಹೋಗಿ ಟ್ರಾಫಿಕ್ ಮುಗಿದ ಮೇಲೆ ಬರುವವರು. ಹಾಗಾಗಿ ಹಗಲಲ್ಲಿ ನಡೆಯುವ ಯಾವ ಸಂಗತಿಗೂ ಅವರು ಸಾಕ್ಷಿಯಲ್ಲ.

ಮನೆ ಬಾಡಿಗೆಯದು. ಒಂದು ಕಾಲಕ್ಕೆ ಇಲ್ಲೆಲ್ಲ ಓನರ್ ಆಂಟಿಯ ಮನೆತನದ ರಾಗಿ ಹೊಲವಿತ್ತಂತೆ. ಈಗ ಅದೇ ಹೊಲದ ಮೇಲೆ ಅವರ ಮೂರಂತಸ್ತಿನ ಕಟ್ಟಡ, ಮೇಲೆ ಅವರು, ಕೆಳಗೆ ನಾವು. ಕಟ್ಟಿಸುವಾಗ ಮಗ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಲು ಹೊರಟಾಗ, "ಮಣ್ಣು ಒಂಚೂರಾದ್ರೂ ಕಣ್ಣಿಗೆ ಬೀಳ್ಲಿ ಬಿಡೋ" ಎಂದು ಗೋಡೆಯುದ್ದಕ್ಕೂ ಒಂದು ಪಟ್ಟಿ ಮಣ್ಣನ್ನು ಉಳಿಸಿಕೊಂಡ ಪುಣ್ಯಾತ್ಗಿತ್ತಿ ಆಕೆ. ಆ ಪಟ್ಟಿಯೇ ನಮ್ಮ ತೋಟ. ಒಂದು ದಾಸವಾಳ, ಒಂದು ಗುಲಾಬಿ, ಒಂದು ಕರಿಬೇವು, ಮತ್ತು ನಮ್ಮ ಅತ್ತೆಯ ಪತ್ರೆ ಗಿಡ.

ಈ ಪತ್ರೆ ಗಿಡದ ಬಗ್ಗೆ ಹೇಳಲೇಬೇಕು. ಅತ್ತೆ ಹಾವೇರಿ ಕಡೆಯವರು. ಮೊಣಕಾಲಿನ ಆಪರೇಷನ್ ಆದ ಮೇಲೆ ನಮ್ಮ ಜೊತೆಗೇ ಇದ್ದಾರೆ. ದಿನಾ ಬೆಳಿಗ್ಗೆ ಸ್ನಾನವಾದ ಕೂಡಲೇ ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುತ್ತಾರೆ. ಆ ಪೂಜೆಗೆ ಒಂದು ಪತ್ರೆ ಬೇಕೇ ಬೇಕು. ಮೂರು ದಳ ಇರಬೇಕು, ತೂತಿರಬಾರದು, ಹರಿದಿರಬಾರದು. ಊರಲ್ಲಿ ಹಿತ್ತಲ ಬಾಗಿಲು ತೆರೆದರೆ ಪತ್ರೆ. ಇಲ್ಲಿ ಬಸ್ ಸ್ಟಾಪಿನ ಹೂವಿನವಳ ಹತ್ತಿರ ಕೊಂಡು ತರಬೇಕು. ಅವಳು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಟ್ಟು, ನೀರು ಚಿಮುಕಿಸಿ ಚಿಮುಕಿಸಿ ಬದುಕಿಸಿಟ್ಟ ಪತ್ರೆ. ಅತ್ತೆಗೆ ಅದು ಎಂದೂ ಮನಸ್ಸಿಗೆ ಬರಲಿಲ್ಲ.

"ಕೊಂಡ ಪತ್ರಿ ಏರಿಸಿದ್ರ ಅದು ಹೂವಿನಾಕಿ ಪೂಜಿ ಆಗ್ತೈತಿ, ನಂದಲ್ಲ" ಅನ್ನುತ್ತಿದ್ದರು.

ಹಾಗೆ ಅನ್ನುತ್ತಲೇ, ತಮ್ಮ ತಂಗಿ ಊರಿಂದ ತಂದಿದ್ದ ಬಿಲ್ವದ ಕಾಯಿ ಒಡೆದು ಬೀಜ ಹಾಕಿದರು. ಹುಟ್ಟಿದ್ದು ಒಂದೇ ಸಸಿ. ಅಕ್ಕಿ ತೊಳೆದ ನೀರು ಅದಕ್ಕೆ, ಮೊದಲ ಬಿಸಿಲು ಅದಕ್ಕೆ, ಬೀದಿನಾಯಿ ಆ ಕಡೆ ತಿರುಗಿದರೆ ಊರುಗೋಲಿನ ಏಟು ನಾಯಿಗೆ. ಮೂರು ವರ್ಷ ಕಳೆದರೂ ಗಿಡ ನನ್ನ ಸೊಂಟದ ಮಟ್ಟ ದಾಟಿರಲಿಲ್ಲ. ಎಲೆಗಿಂತ ಮುಳ್ಳೇ ಹೆಚ್ಚು. ಆ ವರ್ಷ ಮಾಘದಲ್ಲಿ ಹಳೆಯ ಎಲೆ ಉದುರಿಸಿ ಮೊದಲ ಸಲ ಮೈತುಂಬ ಚಿಗುರಿತು. ಚಿಗುರು ತಾಮ್ರದ ಬಣ್ಣದಿಂದ ಹಸಿರಿಗೆ ತಿರುಗುವುದನ್ನು ಅತ್ತೆ ದಿನಾ ಹೋಗಿ ನೋಡಿಬಂದರು. ಒಂದು ದಿನ ಒಳಗೆ ಬಂದು, ಮದುವೆಯ ಮುಹೂರ್ತ ಗೊತ್ತಾದವರ ಹಾಗೆ ಹೇಳಿದರು:

"ಈ ಶಿವರಾತ್ರಿಗೆ ನನ್ನ ಕೈಯಾಗ ಬೆಳದ ಪತ್ರಿ ಏರಸ್ತೀನಿ. ಅಷ್ಟಾದ್ರ ಸಾಕು ನನಗ."

ಅಷ್ಟೇ ಅವರ ಆಸೆ. ಚಿನ್ನ ಕೇಳಲಿಲ್ಲ, ಕಾಶಿ ಕೇಳಲಿಲ್ಲ. ಒಂದು ಎಲೆ.

ತೋಟದಲ್ಲಿ ವಿಚಿತ್ರಗಳು ಶುರುವಾಗಿದ್ದು ಆಮೇಲೆ. ಮೊದಲಿಗೆ ಗುಲಾಬಿ. ಎಲೆಗಳ ಅಂಚಿನಲ್ಲಿ ಯಾರೋ ದುಂಡಗೆ ಕತ್ತರಿಸಿ ಒಯ್ದಿದ್ದರು. ತಿಂದ ಗುರುತಲ್ಲ ಅದು. ತಿಂದರೆ ಹರಕು ಮುರುಕಾಗಿ ಇರುತ್ತದೆ. ಇದು ಕತ್ತರಿಯ ಕೆಲಸ. ನನ್ನ ಕಸುಬೇ ಅದು, ನನಗೆ ಗೊತ್ತಾಗದೇ? ಕತ್ತಿನ ಶೇಪ್ ತೆಗೆಯಲು ನಾನು ಟೇಪು ಹಿಡಿದು, ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಉಸಿರು ಬಿಗಿಹಿಡಿದು ಕತ್ತರಿಸಿದರೂ ಒಂದೊಂದು ಸಲ ಓರೆಯಾಗುತ್ತದೆ. ಇಲ್ಲಿ ಒಂದೂ ಓರೆಯಿಲ್ಲ. ಮೂರು ದಿನ ಮಷೀನಿನಿಂದ ಕತ್ತು ಹೊರಳಿಸಿ ನೋಡಿ ನೋಡಿ ಕಡೆಗೂ ಕಳ್ಳಿಯನ್ನು ಹಿಡಿದೆ. ಜೇನಿನಂಥ ಒಂದು ಕಪ್ಪು ಹುಳು. ಬಂದಳು, ಎಲೆಯ ಅಂಚಿಗೆ ಕಾಲು ಕೊಟ್ಟು ಕೂತಳು, ತನ್ನನ್ನೇ ಕೈವಾರ ಮಾಡಿಕೊಂಡು ಒಂದು ಸುತ್ತು ತಿರುಗಿದಳು, ತುಂಡನ್ನು ಹೊಟ್ಟೆಯ ಕೆಳಗೆ ಅವುಚಿಕೊಂಡು ಹಾರಿದಳು. ನಾನು ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಆಗಲಿಲ್ಲ. "ಭಲೇ!" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

ಅವಳು ಹೋಗಿ ನುಗ್ಗಿದ್ದು ಅಂಗಳದಲ್ಲಿದ್ದ ಅತ್ತೆಯ ಕಬ್ಬಿಣದ ಕುರ್ಚಿಯ ಪೈಪಿನೊಳಕ್ಕೆ. ಟಾರ್ಚು ಬಿಟ್ಟು ನೋಡಿದರೆ ಒಳಗೆ ಎಲೆಯ ತುಂಡುಗಳನ್ನು ಒಂದರ ಮೇಲೊಂದು ಸುತ್ತಿ ಮಾಡಿದ ಹಸಿರು ಸುರುಳಿ, ಬೀಡಿಯ ಹಾಗೆ. ಮೊಟ್ಟೆ ಇಡಲು ಮಾಡಿಕೊಂಡ ಮನೆ. ನಾನು ಕಡ್ಡಿ ಹಾಕಿ ಎಳೆಯಲು ಹೊರಟರೆ ಅತ್ತೆ ತಡೆದರು.

"ಬಾಡಿಗಿ ಮನ್ಯಾಗ ಇರೋ ನಮಗೂ ಒಬ್ರು ಬಾಡಿಗಿದಾರ್ರು ಬಂದಾರ. ಇರ್ಲಿ ಬಿಡು. ನನಗ ಸ್ಟೂಲ್ ಸಾಕು."

ಮೇಲಿಂದ ಬಟ್ಟೆ ಒಣಹಾಕುತ್ತಿದ್ದ ಓನರ್ ಆಂಟಿ ಬಗ್ಗಿ ನೋಡಿ ನಕ್ಕರು. "ಅಡ್ವಾನ್ಸ್ ಇಸ್ಕೊಂಡ್ರಾ ದೊಡ್ಡಮ್ಮ?"

ಇದೆಲ್ಲ ಮೋಜು. ಮೋಜಲ್ಲದ್ದು ಆಮೇಲೆ ಬಂತು. ಪತ್ರೆ ಗಿಡದ ಎಲೆಗಳು ಕಾಣೆಯಾಗತೊಡಗಿದವು. ನಿನ್ನೆ ಮೂರು ದಳ ಇದ್ದ ಕಡೆ ಇವತ್ತು ಬರೀ ತೊಟ್ಟು. ನನ್ನ ಅನುಮಾನವೆಲ್ಲ ವಾಕಿಂಗ್ ಮಂದಿಯ ಮೇಲೆ. ಬೆಂಗಳೂರಿನ ಈ ಜನ ನಿಮಗೆ ಗೊತ್ತಿರಬೇಕು. ಕಾಲಿಗೆ ಬಿಳಿ ಬೂಟು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಒಂದು ಕವರು. ಆರೋಗ್ಯಕ್ಕೆಂದು ನಡೆಯುತ್ತಾ ಕಂಡವರ ಕಾಂಪೌಂಡಿನ ಹೂವನ್ನೆಲ್ಲ ಕಿತ್ತು ತಮ್ಮ ಮನೆಯ ದೇವರಿಗೆ ಪುಣ್ಯ ಸಂಪಾದಿಸುತ್ತಾರೆ. ಶಿವರಾತ್ರಿ ಬೇರೆ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಪರದೆಯ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಸಿಕ್ಕಿಬಿದ್ದರು ಒಬ್ಬ ಹಿರಿಯರು, ದಾಸವಾಳಕ್ಕೆ ಕೈ ಹಾಕಿದ್ದಾಗಲೇ.

"ಏನ್ ಸಾರ್, ಹೂವಾಯ್ತು, ಈಗ ಪತ್ರೆಗೂ ಕೈ ಹಾಕ್ತಿದೀರಾ? ವಯಸ್ಸಾದವರೊಬ್ರು ಹೊಟ್ಟೆಗೆ ಹಾಕೋ ನೀರನ್ನ ಅದಕ್ಕೆ ಹಾಕಿ ಬೆಳೆಸಿರೋದು!"

"ದೇವರಾಣೆ ಪತ್ರೆ ಮುಟ್ಟಿಲ್ಲ ಮೇಡಂ! ಮುಳ್ಳು ಅದು, ಯಾರು ಕೈ ಹಾಕ್ತಾರೆ? ಒಂದೇ ಒಂದು ದಾಸವಾಳ, ಅದೂ ಬಗ್ಗಿತ್ತು ಅಂತ."

ಮುಖ ಸಪ್ಪಗೆ ಮಾಡಿಕೊಂಡು ಕಿತ್ತ ಹೂವನ್ನು ಕಾಂಪೌಂಡಿನ ಮೇಲಿಟ್ಟು ಹೋದರು. ಮಾರನೆಯ ದಿನದಿಂದ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಪತ್ರೆ ಮಾತ್ರ ಕಾಣೆಯಾಗುತ್ತಲೇ ಇತ್ತು.

ಇದರ ಜೊತೆಗೆ ಇನ್ನೊಂದು ಕಾಟ. ಉಳಿದ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ. ಕಪ್ಪು ಕಂದು, ನಡುವೆ ಬೆಳ್ಳಗೆ ಬಳಿದ ಹಾಗೆ, ಹಸಿಹಸಿಯಾಗಿ ಹೊಳೆಯುವ ಹಿಕ್ಕೆ. ಪೂಜೆಯ ಎಲೆಯ ಮೇಲೆ ಹಿಕ್ಕೆ ಬಿದ್ದರೆ ಅತ್ತೆಗೆ ತಡೆಯುತ್ತದೆಯೇ? ಸ್ನಾನ ಮಾಡಿ, ಒದ್ದೆ ಬಟ್ಟೆಯ ಚೂರು ಹಿಡಿದು, ಮುಳ್ಳು ಚುಚ್ಚಿಸಿಕೊಂಡು ಒಂದೊಂದೇ ಎಲೆಯನ್ನು ಒರೆಸುತ್ತಿದ್ದರು. ಒರೆಸಿದ್ದನ್ನು ಮೋರಿಗೆ ಕೊಡವಿ ಕೈ ತೊಳೆಯುತ್ತಿದ್ದರು. ಮಾರನೆಯ ಬೆಳಿಗ್ಗೆ ಮತ್ತೆ ಇನ್ಯಾವುದೋ ಎಲೆಯ ಮೇಲೆ ಹಿಕ್ಕೆ.

"ಸೂರಕ್ಕಿ ಕಣಮ್ಮ" ಅಂದರು ಓನರ್ ಆಂಟಿ. "ಇಂಗೇ ನಮ್ಮ ನಿಂಬೆ ಗಿಡದ ಮೇಲೂ ಗಲೀಜು ಮಾಡ್ತಿತ್ತು, ಅದೇ ಜಾಗಕ್ಕೆ ಬಂದ್ ಬಂದ್ ಕೂತ್ಕೊಂಡು."

ನಾನು ಮಷೀನಿನ ಮುಂದೆಯೇ ಕೂತಿರುವವಳು. ಒಂದೇ ಒಂದು ಸೂರಕ್ಕಿ ಆ ಮುಳ್ಳಿನ ಮೇಲೆ ಕೂತದ್ದನ್ನು ನೋಡಿಲ್ಲ. ಅದಿರಲಿ, ಹಕ್ಕಿಯದೇ ಆದರೆ ದಾಸವಾಳದ ಮೇಲೆ ಯಾಕಿಲ್ಲ? ನೆಲದ ಮೇಲೆ ಯಾಕಿಲ್ಲ? ಪ್ರತಿ ಸಲವೂ ಎಲೆಯ ನಟ್ಟ ನಡುವೆಯೇ, ಗುರಿ ಇಟ್ಟ ಹಾಗೆ ಬೀಳುವುದೆಂದರೇನು? ಒಂದು ಸಂಜೆ ಎಲೆಯ ತುದಿಯಲ್ಲಿ ನೋಡಿದ್ದ ಹಿಕ್ಕೆ ಬೆಳಿಗ್ಗೆ ತೊಟ್ಟಿನ ಹತ್ತಿರ ಇತ್ತು. ನನಗೆ ತಲೆ ಕೆಟ್ಟುಹೋಯಿತು.

"ಅತ್ತೆ, ಹಿಕ್ಕೆ ಜಾಗ ಬದಲಾಯಿಸಿದೆ."

"ನಿನ್ನ ಚಸ್ಮಾದ ನಂಬರ್ ಬದಲಾಗೈತಿ. ಹೋಗಿ ತೋರ್ಸು."

ಅದರ ಮರುದಿನವೇ ಇರಬೇಕು. ನಾನು ಮಷೀನಿಗೆ ಎಣ್ಣೆ ಹಾಕುತ್ತಿದ್ದೆ. ಅಂಗಳದಿಂದ ಅತ್ತೆಯ ಕೂಗು ಬಂತು. ಜಾರಿ ಬಿದ್ದರೋ ಏನೋ ಎಂದು ಎಣ್ಣೆಗೈಯಲ್ಲೇ ಓಡಿದೆ.

"ಯವ್ವಾ! ಹಿಕ್ಕಿಗೆ ಕೋಡು ಬಂದಾವ! ನೋಡ ಬಾರ!"

ಬಗ್ಗಿ ನೋಡಿದೆ. ಒದ್ದೆ ಬಟ್ಟೆ ತಾಗಿದ ಆ ಹಿಕ್ಕೆ ತಲೆಯೆತ್ತಿ ನಿಂತಿತ್ತು. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೋಡುಗಳನ್ನು ಹೊರಹಾಕಿ, ಮೈಯನ್ನು ಹಿಂದಕ್ಕೆ ಬಾಗಿಸಿ, ನಮ್ಮಿಬ್ಬರನ್ನೂ ಹೆದರಿಸುತ್ತಿತ್ತು. ಕೊಳೆತ ನಿಂಬೆಹಣ್ಣಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ನನ್ನ ಉಗುರಿಗಿಂತ ದೊಡ್ಡದಿಲ್ಲದ ಹುಳು, ಊರುಗೋಲು ಹಿಡಿದ ಅತ್ತೆಯ ಮುಂದೆ ಹೋರಿಯ ಹಾಗೆ ನಿಂತಿದೆ! ನನಗೆ ನಗು ತಡೆಯಲಾಗಲಿಲ್ಲ. "ಆಹಾ, ಏನು ಧೈರ್ಯವೇ ನಿಂದು" ಅಂದೆ. ಕೋಡು ಮೆಲ್ಲಗೆ ಒಳಗೆ ಸೇರಿತು. ಹುಳು ತಲೆ ತಗ್ಗಿಸಿ ಮತ್ತೆ ಹಿಕ್ಕೆಯಾಗಿ ಕೂತಿತು.

ಮೊಬೈಲಿನಲ್ಲಿ ಫೋಟೋ ತೆಗೆದು ಹುಡುಕಿ ನೋಡಿದೆ. ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳಿರುವ ಒಂದು ಚಿಟ್ಟೆ ನಮ್ಮ ಅಂಗಳದಲ್ಲಿ ಆಗಾಗ ಸುಳಿಯುತ್ತಿತ್ತು. ಅದರ ಮರಿಯಂತೆ. ನಿಂಬೆ, ಕರಿಬೇವು, ಪತ್ರೆ ಇವೇ ಅದರ ಊಟವಂತೆ. ಚಿಕ್ಕದಿರುವಾಗ ಹಕ್ಕಿಗಳು ತಿನ್ನದಿರಲಿ ಎಂದು ಹಕ್ಕಿಯ ಹಿಕ್ಕೆಯ ವೇಷ ಹಾಕಿಕೊಳ್ಳುತ್ತದಂತೆ, ದೊಡ್ಡದಾದ ಮೇಲೆ ಹಸಿರಾಗುತ್ತದಂತೆ. ಓದಿ ಹೇಳಿದೆ. ಅತ್ತೆ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತ ಸ್ಟೂಲಿನ ಮೇಲೆ ಕೂತರು.

"ಅಲ್ಲವಾ, ಯಾರೂ ಮುಟ್ಟಬಾರ್ದು ಅಂತ ಹೊಲಸಿನ ವೇಷ ಹಾಕ್ಕೊಂಡ್ ಕುಂತಾವ. ನಾ ಹೊಲಸು ಅಂತನ ವರಸಿ ವರಸಿ ಮೋರಿಗೆ ಒಗದ್ನೆಲ್ಲ."

ಹಕ್ಕಿಗಳ ಕಣ್ಣಿಗೆ ಮಣ್ಣೆರಚುವ ಅಂಥ ಜಾಣತನ, ಎಲೆ ಮಡಿಯಾಗಿರಬೇಕು ಅನ್ನುವ ಒಬ್ಬ ಮುದುಕಿಯ ಒದ್ದೆ ಬಟ್ಟೆಯ ಮುಂದೆ ಕೆಲಸಕ್ಕೆ ಬರಲಿಲ್ಲ. ಬೇರೆ ಯಾವ ಮನೆಯವರಾದರೂ ಹಿಕ್ಕೆ ಕಂಡರೆ ಬಿಟ್ಟು ಹೋಗುತ್ತಿದ್ದರು. ಒರೆಸಿದ್ದು ನಾವೇ, ಅದೂ ಭಕ್ತಿಯಿಂದ.

ಸರಿ, ಎಲೆ ಕದಿಯುವವರು ಯಾರು ಅನ್ನುವುದು ಗೊತ್ತಾಯಿತು. ಈಗ ಮಾಡುವುದೇನು? ಗಿಡದಲ್ಲಿ ಇನ್ನೂ ಹುಳಗಳಿದ್ದವು, ಶಿವರಾತ್ರಿಗೆ ಇನ್ನೂ ದಿನಗಳಿದ್ದವು. ಓನರ್ ಆಂಟಿ ಮೆಟ್ಟಿಲಿಳಿದು ಬಂದು ನೋಡಿ, "ಬೇವಿನೆಣ್ಣೆನ ಸೋಪಿನ ನೀರಿಗೆ ಆಕಿ ಒಡೀರಮ್ಮ, ಒಂದೂ ಉಳ್ಯಲ್ಲ" ಎಂದು ತಮ್ಮ ಮನೆಯ ಸ್ಪ್ರೇ ಬಾಟಲಿಯನ್ನೇ ಕೊಟ್ಟರು. ನಾನು ಕಲಸಿದೆ. ನನಗೆ ಆ ಹುಳದ ಮೇಲೆ ಮೆಚ್ಚುಗೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮೂರು ವರ್ಷ ಆ ಗಿಡವನ್ನು ಸಾಕಿದ ಮೊಣಕಾಲುಗಳ ಮೇಲೆ ಇನ್ನೂ ಹೆಚ್ಚು ಪ್ರೀತಿ ಇತ್ತು. ಬಾಟಲಿ ಎತ್ತಿದೆ. ಅತ್ತೆ ಊರುಗೋಲನ್ನು ನನ್ನ ಕೈಗೂ ಗಿಡಕ್ಕೂ ನಡುವೆ ಅಡ್ಡ ಹಿಡಿದರು.

"ಲಿಂಗಕ್ಕ ಏರಿಸೋ ಎಲಿಗೆ ವಿಷ ಹೊಡಿತೀ? ಒಂದ್ ಜೀವ ಸತ್ತ ಎಲಿ ನನ್ನ ಅಂಗೈಗೆ ಬ್ಯಾಡ."

"ಹಾಗಾದ್ರೆ ಎಲೆ ಉಳಿಯಲ್ಲ ಅತ್ತೆ! ಅವು ತಿಂದು ಮುಗಿಸ್ತವೆ!"

"ಗೊತ್ತೈತಿ."

"ಈಗಲೇ ನಾಲ್ಕು ಒಳ್ಳೇದು ಕಿತ್ತು ಒದ್ದೆ ಬಟ್ಟೆಲಿ ಸುತ್ತಿ ಫ್ರಿಜ್ಜಲ್ಲಿ ಇಡೋಣ."

"ದ್ವಾಸಿ ಹಿಟ್ಟಿನ ಮಗ್ಗಲಕ ಪತ್ರಿ ಇಡ್ತೀಯೇನ? ಹಿಂದಿನ ದಿನ ಹರೀಬೇಕು. ಶಿವರಾತ್ರಿ ದಿನಾ ಪತ್ರಿ ಹರಿಯಂಗಿಲ್ಲ, ಹಿಂದಿನ ದಿನ ಸಂಜಿಗೆ ಹರೀಬೇಕು. ನಮ್ಮವ್ವ ಹಂಗ ಮಾಡ್ತಿದ್ಲು, ನಾನೂ ಹಂಗ ಮಾಡಾಕಿ."

ವಾದ ಮಾಡಿ ಗೆಲ್ಲಬಹುದಾದ ಹೆಂಗಸಲ್ಲ ಅದು. ಬೇವಿನೆಣ್ಣೆಯ ನೀರನ್ನು ಬಚ್ಚಲಿಗೆ ಸುರಿದು, ಸಿಟ್ಟಿನಲ್ಲಿ ಎರಡು ಬ್ಲೌಸಿಗೆ ಉಲ್ಟಾ ತೋಳು ಹೊಲಿದೆ.

ಮಧ್ಯಾಹ್ನ ನನಗೊಂದು ಉಪಾಯ ಹೊಳೆಯಿತು. ಕರಿಬೇವೂ ಅವುಗಳ ಊಟವೇ ಅಲ್ಲವೇ? ನನ್ನ ಒಗ್ಗರಣೆ ಹಾಳಾದರೆ ಆಗಲಿ. ಚಮಚದಲ್ಲಿ ಒಂದೊಂದನ್ನೇ ಎತ್ತಿ ಪಕ್ಕದ ಕರಿಬೇವಿನ ಗಿಡಕ್ಕೆ ಬಿಟ್ಟೆ. ಅಷ್ಟು ಹೊತ್ತಿಗೆ ಕೆಲವು ಹಸಿರಾಗಿದ್ದವು. ಹಿಕ್ಕೆಯ ಹಳೆಯ ಅಂಗಿ ಕಳಚಿ, ಸೊಂಟಕ್ಕೆ ಕಂದು ಪಟ್ಟಿಯಿರುವ ಹೊಸ ಹಸಿರು ಅಂಗಿ ತೊಟ್ಟು, ಮುಂಭಾಗದಲ್ಲಿ ಕಣ್ಣಿನಂಥ ಎರಡು ಚುಕ್ಕೆ ಇಟ್ಟುಕೊಂಡು ಎಷ್ಟು ಚೆಂದ ಇದ್ದವೆಂದರೆ, ಚಮಚದಲ್ಲಿ ಎತ್ತುವಾಗ ನನಗೇ ಒಂಥರಾ ಆಯಿತು. ಹೊಸ ಗಿಡದಲ್ಲಿ ಅವು ಏನನ್ನೂ ತಿನ್ನಲಿಲ್ಲ. ಮುನಿಸಿಕೊಂಡ ನೆಂಟರ ಹಾಗೆ ಕೂತವು, ಅತ್ತಿತ್ತ ಅಲೆದವು. ಮಾರನೆಯ ಬೆಳಿಗ್ಗೆ ಕಾಲರ್ ಹೊಲಿಯುತ್ತ ತಲೆ ಎತ್ತಿದರೆ ಮಡಿವಾಳ ಹಕ್ಕಿಯೊಂದು ಕರಿಬೇವಿನ ಕೊಂಬೆಯ ಮೇಲೆ ಬಾಲ ಕುಣಿಸುತ್ತ ಕೂತಿತ್ತು, ಕೊಕ್ಕಿನಲ್ಲಿ ಹಸಿರು. ನಾನು ಓಡಿಹೋಗಿ ಕೂಗುವಷ್ಟರಲ್ಲಿ ಎರಡು ಮುಗಿದಿದ್ದವು.

ಅತ್ತೆ ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಮನಿ ಖಾಲಿ ಮಾಡ್ಸಿ ತಂದು ಬಯಲಾಗ ಕುಂಡ್ರಿಸಿದಿ. ಮನಿ ಖಾಲಿ ಮಾಡೋ ಸಂಕಟ ನಿನಗ ಗೊತ್ತಿಲ್ಲೇನು? ಉಳದವನ್ನ ಇದ್ದಲ್ಲೇ ಬಿಟ್ಟ ಬಾ."

ಬೆಂಗಳೂರಿಗೆ ಬಂದ ಮೇಲೆ ನಾವು ಬದಲಾಯಿಸಿದ ಮನೆಗಳೆಲ್ಲ ಕಣ್ಣ ಮುಂದೆ ಬಂದವು. ಟೆಂಪೋದಲ್ಲಿ ಹಾಸಿಗೆಯ ಮೇಲೆ ಮಷೀನು, ಮಷೀನಿನ ಮೇಲೆ ನಾನು. ಉಳಿದ ಹುಳಗಳನ್ನು ಅದೇ ಚಮಚದಲ್ಲಿ ಎತ್ತಿ ಪತ್ರೆ ಗಿಡಕ್ಕೆ ವಾಪಸ್ಸು ಬಿಟ್ಟೆ. ಬಿಟ್ಟ ಕೂಡಲೇ ತಿನ್ನತೊಡಗಿದವು.

ಆಮೇಲಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಬೆಳಗಿನ ಹೊತ್ತು ಅತ್ತೆ ಸ್ಟೂಲ್ ಹಾಕಿಕೊಂಡು ಗಿಡದ ಮುಂದೆ ಕೂರುವರು. ನಾನು ಕಿಟಕಿಯಿಂದ, ಆಂಟಿ ಮೇಲಿನ ಮೆಟ್ಟಿಲಿಂದ ನೋಡುವೆವು. ಹುಳು ಎಲೆಯ ಅಂಚನ್ನು ಮುಂಗಾಲುಗಳಲ್ಲಿ ಹಿಡಿದು, ಮೇಲಿಂದ ಕೆಳಕ್ಕೆ ತಲೆಯನ್ನು ಒಂದೇ ಸಮ ಇಳಿಸುತ್ತಾ ತಿನ್ನುತ್ತಿತ್ತು. ಕೆಳಗೆ ಮುಟ್ಟಿದರೆ ಮತ್ತೆ ಮೇಲಿಂದ. ಒಂದು ಚೂರು ನೆಲಕ್ಕೆ ಬೀಳುತ್ತಿರಲಿಲ್ಲ. "ಊಟ ಹೆಂಗ ಮಾಡ್ಬೇಕು ಅನ್ನೋದನ್ನ ನಿನ್ನ ಗಂಡಗ ತೋರ್ಸು" ಎಂದು ಅತ್ತೆ ನಗುತ್ತಿದ್ದರು. ಮೆಚ್ಚಿ ಮೆಚ್ಚಿ ನೋಡುತ್ತಿದ್ದರು. ಆದರೆ ಎದ್ದು ಒಳಗೆ ಬರುವ ಮೊದಲು ಗಿಡವನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಿದ್ದರು. ಆಗ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ. ದಿನದಿಂದ ದಿನಕ್ಕೆ ಮುಳ್ಳುಗಳು ಹೆಚ್ಚು ಕಾಣಿಸುತ್ತಿದ್ದವು.

ಶಿವರಾತ್ರಿಯ ಹಿಂದಿನ ದಿನದ ಹೊತ್ತಿಗೆ ಗಿಡ ಬರಿಮುಳ್ಳು. ಹುಳಗಳೂ ಇರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಎಲ್ಲಿಗೋ ಇಳಿದು ಹೋಗಿದ್ದವು. ಪುಣ್ಯಕ್ಕೆ ಪಕ್ಕದ ಒಂದು ಕೊಂಬೆಯ ತುದಿಯಲ್ಲಿ ಒಂದು ಎಲೆ ಉಳಿದಿತ್ತು. ಮೂರು ದಳ. ತೂತಿಲ್ಲ, ಹರಕಿಲ್ಲ. ಬೆಳಿಗ್ಗೆ ಅದನ್ನು ನಾನೇ ಮೊದಲು ನೋಡಿ ಕುಣಿದಾಡಿಬಿಟ್ಟೆ.

"ಒಂದು ಸಾಕಲ್ಲವಾ" ಅಂದರು ಅತ್ತೆ. "ಒಂದ ಕೇಳಿದ್ದೆ ನಾ."

ಸಂಜೆ ಆಂಟಿ ವರ್ತೂರಿನ ಈಶ್ವರನ ಗುಡಿಯ ಮರದಿಂದ ಒಂದು ಸ್ಟೀಲ್ ಬುಟ್ಟಿ ತುಂಬ ಪತ್ರೆ ತಂದರು. "ನಿಮ್ದು ಉಳ ತಿಂದ್ಬಿಡ್ತಲ್ಲ ದೊಡ್ಡಮ್ಮ, ಇದನ್ನ ಇಟ್ಕೊಳಿ. ನಾನೇ ನಿಂತು ಕೀಳ್ಸಿದ್ದು." ಅತ್ತೆ ಬುಟ್ಟಿಗೆ ಕೈಮುಗಿದು ಇಸಿದುಕೊಂಡರು. "ಸಂಜಿ ಪೂಜಿಗೆ ಇದ ಆಗ್ತೈತವಾ. ಮುಂಜಾನೆದ್ದು ಮಾತ್ರ ನನ್ನ ಗಿಡದ್ದು." ಆಮೇಲೆ ನಾನು ಚಿಕ್ಕ ಕತ್ತರಿ ಹಿಡಿದು, ಅವರು ತಟ್ಟೆ ಹಿಡಿದು ಗಿಡದ ಹತ್ತಿರ ಹೋದೆವು.

ಎಲೆಯನ್ನು ಹಿಡಿಯಲು ಬಗ್ಗಿದ ಅತ್ತೆಯ ಬೆರಳು ಅಲ್ಲೇ ನಿಂತಿತು. ಕೊಂಬೆಗೆ ಅಂಟಿಕೊಂಡು, ಒಣಗಿದ ಎಲೆಯ ಸುರುಳಿಯಂಥದ್ದೊಂದು ಇತ್ತು. ಬೆಳಿಗ್ಗೆ ನನಗೆ ಕಂಡೇ ಇರಲಿಲ್ಲ. ಹುಳು ಕೋಶ ಕಟ್ಟಿತ್ತು. ಬುಡವನ್ನು ಕೊಂಬೆಗೆ ಊರಿ, ಬೆನ್ನ ಸುತ್ತ ಒಂದು ನೂಲು ಹಾಕಿಕೊಂಡು, ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಒರಗಿ ನಿಂತ ಹಾಗೆ ಹಿಂದಕ್ಕೆ ಒರಗಿತ್ತು. ಅಷ್ಟು ತೆಳ್ಳಗಿನ ದಾರವನ್ನು ನಾನು ನನ್ನ ಕಸುಬಿನಲ್ಲಿ ಕಂಡಿಲ್ಲ. ಕನ್ನಡಕ ಮೂಗಿಗಿಳಿಸಿ ನೋಡಿದೆ. ದಾರದ ಒಂದು ತುದಿ ಕೊಂಬೆಗೆ ಅಂಟಿತ್ತು. ಇನ್ನೊಂದು ತುದಿ ಅಂಟಿದ್ದು ಆ ಎಲೆಯ ತೊಟ್ಟಿಗೆ.

ಎಲೆ ಕಿತ್ತರೆ ದಾರ ಹರಿಯುತ್ತದೆ. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

"ನಾನು ಹುಷಾರಾಗಿ ಕತ್ತರಿಸ್ತೀನಿ ಅತ್ತೆ. ದಳದ ಹತ್ತಿರ, ತೊಟ್ಟು ಬಿಟ್ಟು."

"ತೊಟ್ಟಿಲ್ಲದ ಪತ್ರಿ ಏರಸೂದಿಲ್ಲ." ಚಾಚಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. "ನಡಿ ಒಳಗ."

ಖಾಲಿ ತಟ್ಟೆಯನ್ನು ಅಡುಗೆಮನೆಯಲ್ಲಿಟ್ಟು ಅವರು ತಮ್ಮ ಕೋಣೆಗೆ ಹೋದರು. ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಆ ಹುಳದ ಮೇಲೆ, ಆ ಗಿಡದ ಮೇಲೆ, ಶಿವನ ಮೇಲೆಯೂ ಕೋಪ ಬಂತು. ಇಷ್ಟು ದೊಡ್ಡ ವರ್ತೂರಿನಲ್ಲಿ ಅದಕ್ಕೆ ಒರಗಲು ಬೇರೆ ತೊಟ್ಟೇ ಸಿಗಲಿಲ್ಲವೇ?

ಶಿವರಾತ್ರಿಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅತ್ತೆ ಪೂಜೆಯ ಮೂಲೆಗೆ ಹೋಗಲಿಲ್ಲ. ಬಿಳಿ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತರು.

"ಸ್ಟೂಲ್ ತಗೊಂಡ ಬಾ."

ಗಿಡದ ಪಕ್ಕ ಹಾಕಿಸಿಕೊಂಡು ಕೂತರು. ನಾಲ್ಕು ಜನ ಓಡಾಡುವ ಕಡೆ ಅವರು ಎಂದೂ ಕರಡಿಗೆ ಬಿಚ್ಚಿದವರಲ್ಲ. ಅವತ್ತು ಬಿಚ್ಚಿದರು. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ನೀರೆರೆದರು, ಒರೆಸಿದರು, ವಿಭೂತಿ ಇಟ್ಟರು. ಆಮೇಲೆ ಆ ಅಂಗೈಯನ್ನು ಮೆಲ್ಲಗೆ ಚಾಚಿ, ಉಳಿದಿದ್ದ ಎಲೆಯ ಕೆಳಗೆ ಹಿಡಿದರು.

"ಕೊಂಬಿ ಬಗ್ಗಸು. ದಾರ ಅಳ್ಳಾಡಬಾರ್ದು ನೋಡು."

ಆಗ ನನಗೆ ಅರ್ಥವಾಯಿತು. ರೇಷ್ಮೆಯನ್ನು ಸೂಜಿಯ ಕೆಳಗೆ ಸರಿಸುವ ಎರಡು ಬೆರಳುಗಳಲ್ಲಿ, ಮುಳ್ಳುಗಳ ನಡುವೆ ಕೊಂಬೆಯನ್ನು ಹಿಡಿದು, ಉಸಿರಾಡದೆ ಬಗ್ಗಿಸಿದೆ. ಜೀವಮಾನದಲ್ಲಿ ಅಷ್ಟು ನಾಜೂಕಿನ ಕೆಲಸ ನಾನು ಮಾಡಿಲ್ಲ. ದಾರ ಅಲುಗಲಿಲ್ಲ. ಮೂರು ದಳವೂ ಬಂದು ಲಿಂಗದ ಮೇಲೆ ಕೂತವು. ಅತ್ತೆ ಕಣ್ಣು ಮುಚ್ಚಿದರು. ಗಿಡದಲ್ಲೇ ಇದ್ದ ಎಲೆ, ಅವರ ಅಂಗೈಯಲ್ಲೂ ಇತ್ತು. ಮೆಟ್ಟಿಲ ಮೇಲೆ ಆಂಟಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು. ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದ ಆ ಹಿರಿಯರೂ ಹೂವಿನ ಕವರು ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ನನ್ನ ಕಣ್ಣು ಮಂಜಾದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಬಿಡು" ಅಂದರು ಅತ್ತೆ, ಎಷ್ಟೋ ಹೊತ್ತಿನ ಮೇಲೆ. ಬಿಟ್ಟೆ. ಎಲೆ ತನ್ನ ಜಾಗಕ್ಕೆ ಹೋಯಿತು, ಮೇಲೊಂದು ಚೂರು ವಿಭೂತಿ ಹಚ್ಚಿಕೊಂಡು.

ಅದಾದ ಮೇಲೆ ಒಂದು ಬೆಳಿಗ್ಗೆ ಕೋಶ ಒಡೆದಿತ್ತು. ಕಪ್ಪು ಹಳದಿ ಚಿಟ್ಟೆ ಅದರ ಮೇಲೇ ಕೂತು ಒದ್ದೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಅತ್ತೆ, ನಾನು, ಆಂಟಿ ಮೂವರೂ ಕೆಲಸ ಬಿಟ್ಟು ನಿಂತು ನೋಡಿದೆವು. ಬಿಸಿಲೇರಿದಾಗ ಒಮ್ಮೆ ರೆಕ್ಕೆ ಬಡಿದು, ದಾಸವಾಳದ ಮೇಲೆ ಹಾದು, ಹೊಂಗೆಯ ಹೊಸ ಹಸಿರಿನಲ್ಲಿ ಮರೆಯಾಯಿತು. "ಹೋಗ್ ಬಾರಮ್ಮ" ಅಂದರು ಆಂಟಿ, ಮಗಳನ್ನು ಕಳಿಸುವವರ ಹಾಗೆ.

ನಾನು ಒಳಗೋಡಿ ಕತ್ತರಿ ತಂದೆ.

"ಇನ್ನೇನು ಅತ್ತೆ, ಬಾಡಿಗೆದಾರರು ಖಾಲಿ ಮಾಡಿದ್ರು. ದಾರದ ಹಂಗಿಲ್ಲ. ಇವತ್ತು ಪೂಜೆಗೆ ಕಿತ್ತುಕೊಡ್ಲಾ?"

ಅತ್ತೆ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾಕ? ಹರಿದ್ರ ಒಂದ ಸಲ ಏರಸ್ತೀನಿ. ಹಿಂಗ ಇದ್ರ ದಿನಾ ಏರಸ್ತೀನಿ. ಸ್ಟೂಲ್ ತಾ."

ಕತ್ತರಿಯನ್ನು ಮಷೀನಿನ ಮೇಲಿಟ್ಟು ಸ್ಟೂಲ್ ತಂದೆ.